ಮೊಣಕಾಲ ಬೇನೆ ಮತ್ತು ಸರ್ಕಾರದ ನೆರವು

ದನದ ಸಂತೆಯಲ್ಲಿ ಎತ್ತು ಕೊಳ್ಳುವವನು ಏನೇನು ನೋಡುತ್ತಾನೆಂಬುದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ. ಕೊನೆಗೆ ಹತ್ತು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಕಾಲು ಕುಂಟಿದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ವ್ಯಾಪಾರ ಮುರಿಯಿತು. ಎತ್ತಿನ ಕಾಲನ್ನು ಇಷ್ಟು ಜೋಪಾನವಾಗಿ ನೋಡುವ ನಾವು ನಮ್ಮ ಸ್ವಂತ ಕಾಲನ್ನು ಮಾತ್ರ ನೋಡುವುದಿಲ್ಲ. "ವಯಸ್ಸಾತು, ಮೊಣಕಾಲ ಹಿಡದಾವ, ಇನ್ನೇನ್ ಮಾಡೂದೈತಿ" ಎಂದು ಎಣ್ಣೆ ತಿಕ್ಕಿಕೊಂಡು ಮಲಗುತ್ತೇವೆ.

ಬೆಳೆಯ ಮಾತು, ಬೀಜದ ಮಾತು, ಗೊಬ್ಬರದ ಮಾತು ಹೇಳಬೇಕಾದ ಕೃಷಿ ಅಧಿಕಾರಿ ಇಂದು ಮೊಣಕಾಲಿನ ಮಾತು ಹೇಳಲು ಬಂದದ್ದೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳ ಹೊಲಗಳಲ್ಲಿ ತಿರುಗುವಾಗ ಬೆಳೆಯ ರೋಗಕ್ಕಿಂತ ಹೆಚ್ಚಾಗಿ ನನ್ನ ಕಿವಿಗೆ ಬೀಳುವ ದೂರು ಇದೇ. ಕಳೆ ತೆಗೆಯುವ ಆಳು ಸಿಗುವುದಿಲ್ಲ ಎನ್ನುತ್ತೇವೆ. ಆಳುಗಳು ಊರಲ್ಲೇ ಇದ್ದಾರೆ. ಕುಕ್ಕರಗಾಲಿನಲ್ಲಿ ಕೂರಲು ಅವರ ಮೊಣಕಾಲು ಒಪ್ಪುವುದಿಲ್ಲ. ಇಳಕಲ್ಲಿನ ಕುಣಿಮಗ್ಗದ ಮುಂದೆ ಮೂವತ್ತು ನಲವತ್ತು ವರ್ಷ ಕೂತು ಹಲಗೆ ತುಳಿದ ನೇಕಾರನದೂ, ಕಲ್ಲು ಗಣಿಯಲ್ಲಿ ಭಾರ ಹೊತ್ತವನದೂ ಇದೇ ಕಥೆ. ಮೊಣಕಾಲು ಕಮತದ ಮೊದಲ ಸಲಕರಣೆ. ಅದು ಕೆಟ್ಟರೆ ಕುರಿಗೆ, ಕುಂಟೆ ಇದ್ದೂ ಇಲ್ಲದಂತೆ.

ಮೊದಲು ಈ ಬೇನೆ ಏನೆಂಬುದನ್ನು ತಿಳಿಯೋಣ. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ವರ್ಷಗಟ್ಟಲೆ ಹೊಡೆದರೆ ಏನಾಗುತ್ತದೆ? ಕಿರುಗುಟ್ಟುತ್ತದೆ, ಸವೆಯುತ್ತದೆ, ಕೊನೆಗೆ ಗಾಲಿ ಓಲಾಡುತ್ತದೆ. ಮೊಣಕಾಲಿನ ಕೀಲಿನಲ್ಲಿಯೂ ತೊಡೆಯ ಎಲುಬಿನ ತುದಿಗೂ ಕೆಳಗಾಲಿನ ಎಲುಬಿನ ತಲೆಗೂ ನುಣುಪಾದ ಒಂದು ಮೆತ್ತನೆಯ ಪದರವಿರುತ್ತದೆ. ವಯಸ್ಸು, ಮೈಭಾರ, ಹಳೆಯ ಪೆಟ್ಟು, ದಿನವಿಡೀ ಕುಕ್ಕರಗಾಲಿನ ದುಡಿಮೆ, ಇವೆಲ್ಲ ಸೇರಿ ಆ ಪದರ ಸವೆಯುತ್ತದೆ. ಆಮೇಲೆ ಎಲುಬಿಗೆ ಎಲುಬು ತಿಕ್ಕಿ ಬಾವು, ನೋವು, ಬಿಗಿತ ಬರುತ್ತವೆ. ಕಾಲು ಬಿಲ್ಲಿನಂತೆ ಹೊರಬಾಗುತ್ತದೆ. ಐವತ್ತು ದಾಟಿದ ಹೆಣ್ಣುಮಕ್ಕಳಲ್ಲಿ ಇದು ಗಂಡಸರಿಗಿಂತ ಹೆಚ್ಚು. ಇದಲ್ಲದೆ ಹರೆಯದವರಿಗೂ ಬರುವ ಸಂಧಿವಾತವೆಂಬುದು ಬೇರೆ; ಅದಕ್ಕೆ ಔಷಧಿಯೂ ಬೇರೆ. ಆದುದರಿಂದ ಪಕ್ಕದ ಮನೆಯವರಿಗೆ ಬರೆದುಕೊಟ್ಟ ಗುಳಿಗೆಯನ್ನು ನೀವು ನುಂಗಬಾರದು.

ನಮ್ಮ ಸೀಮೆಗೆ ಇನ್ನೊಂದು ಕಾರಣವೂ ಸೇರುತ್ತದೆ. ಹುನಗುಂದ, ಇಳಕಲ್ ಭಾಗದ ಕೆಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಒಳಗೆ ಅದು ಇರಬೇಕು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಇದಕ್ಕೆ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಆಮೇಲೆ ಬೆನ್ನೂ ಕೀಲುಗಳೂ ಬಿಗಿಯುತ್ತವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇದನ್ನು ನೆನಪಿಡಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಕುಡಿಯಲಿಕ್ಕೂ ಅಡಿಗೆಗೂ ಬಳಸಿರಿ. ಎಲುಬಿಗೆ ಸೇರಿಹೋದದ್ದನ್ನು ತೆಗೆಯುವ ಮದ್ದಿಲ್ಲ. ಮಕ್ಕಳ ಎಲುಬಿಗೆ ಸೇರದಂತೆ ತಡೆಯುವುದು ನಮ್ಮ ಕೈಯಲ್ಲಿದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊಲದ ಬದುವಿನ ಮೇಲೆ ಕೂತು ಹಿರಿಯರೊಬ್ಬರು ನನ್ನನ್ನು ಕೇಳಿದರು: "ಸಾಹೇಬ್ರ, ನನಗ ಮೊಣಕಾಲ ಸವದಾವಂತ ದಾಕ್ಟರು ಬರದ ಕೊಟ್ಟಾರ. ಆ ಚೀಟಿ ತೋರ್ಸಿದ್ರ ಅಂಗವಿಕಲರ ಪಗಾರ ಬರ್ತೈತೋ ಇಲ್ಲೋ?" ಅವರ ಮನೆಯ ಯಜಮಾನತಿ ಒಡನೆಯೇ ಇನ್ನೊಂದು ಕೇಳಿದರು: "ಆಪರೇಷನ್ ಮಾಡಿಸ್ರಿ ಅಂತಾರ. ಮಾಡಿಸಿದ್ರ ಬರೂ ಪಗಾರ ನಿಂತ ಹೊಕ್ಕೈತಂತ, ಖರೆ ಏನ್ರಿ?" ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದರೆ ಇಂದಿನ ನನ್ನ ಮಾತು ತಿಳಿದಂತೆ.

ಮೊದಲನೆಯ ಪ್ರಶ್ನೆ. ನಮ್ಮ ದೇಶದಲ್ಲಿ 1995ರ ಕಾನೂನಿನ ಬದಲು 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾನೂನಾಯಿತು. ಅದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದೆ 7 ಬಗೆಯ ವೈಕಲ್ಯಗಳನ್ನು ಗಣಿಸುತ್ತಿದ್ದರು, ಈಗ 21. ಈ ಪಟ್ಟಿಯಲ್ಲಿ ಮೊಣಕಾಲ ಸವೆತವೆಂಬ ಹೆಸರು ಹುಡುಕಿದರೆ ಸಿಗುವುದಿಲ್ಲ. ಆದರೆ ಚಲನವೈಕಲ್ಯ ಎಂಬ ಬಾಬಿದೆ. ಎಲುಬು, ಕೀಲು, ಸ್ನಾಯು ಇಲ್ಲವೆ ನರದ ತೊಂದರೆಯಿಂದ ಓಡಾಡುವ, ಏಳುವ, ಕೂರುವ ಕೆಲಸ ಮಾಡಲಾಗದೆ ಹೋದವರು ಆ ಬಾಬಿನಲ್ಲಿ ಬರುತ್ತಾರೆ. ಎಂದರೆ ಸರ್ಕಾರ ಕೇಳುವುದು ರೋಗದ ಹೆಸರನ್ನಷ್ಟೇ ಅಲ್ಲ. ಆ ರೋಗದಿಂದ ನಿಮ್ಮ ಯಾವ ಕೆಲಸ ನಿಂತಿದೆ, ಎಷ್ಟು ನಿಂತಿದೆ ಎಂಬುದನ್ನು. ಆದುದರಿಂದ ಸವೆತದ ಚೀಟಿಯೊಂದರಿಂದಲೇ ಪಗಾರ ಬರಲಾರದು. ವೈದ್ಯರು ಅಳೆದು, ನೂರಕ್ಕೆ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿದೆಯೆಂದು ಬರೆದುಕೊಟ್ಟಾಗ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಹೊಲವನ್ನು ಅಳೆಯಲು ಸರಪಳಿಯಿದೆ. ಕಾಳನ್ನು ಅಳೆಯಲು ಸೇರು, ಚಿಟ್ಟೆಗಳಿದ್ದವು. ಕಾಲಿನ ಕುಂದನ್ನು ಅಳೆಯಲೂ ಒಂದು ಕ್ರಮವಿದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಈ ಕ್ರಮವನ್ನು ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಅದನ್ನು ಪರಿಷ್ಕರಿಸಿದರು. ವೈದ್ಯರು ಮೊದಲು ಕೀಲು ಎಷ್ಟು ಮಡಚುತ್ತದೆ, ಎಷ್ಟು ಚಾಚುತ್ತದೆ ಎಂದು ನೋಡುತ್ತಾರೆ. ತೊಡೆ, ಕಾಲುಗಳ ಸ್ನಾಯುಗಳಲ್ಲಿ ಎಷ್ಟು ಬಲವಿದೆ ಎಂದು ನೋಡುತ್ತಾರೆ. ಆಮೇಲೆ ಕಾಲಿನ ಸ್ಥಿರತೆಯ ಪರೀಕ್ಷೆ. ಅದರಲ್ಲಿ ಒಂಬತ್ತು ಕೆಲಸಗಳು, ಒಂದೊಂದಕ್ಕೆ 10ರಂತೆ ಒಟ್ಟು 90 ಅಂಕ. ಸಮ ನೆಲದ ಮೇಲೆ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ಬೇನೆಯ ಕಾಲೊಂದರ ಮೇಲೆಯೇ ನಿಲ್ಲುವುದು, ನೆಲದ ಮೇಲೆ ಕುಕ್ಕರಿಸುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮೊಣಕಾಲೂರುವುದು, ನಡೆಯುತ್ತ ಹೊರಳಿ ತಿರುಗುವುದು. ಇವೆಲ್ಲವನ್ನೂ ಒಂದು ಲೆಕ್ಕದ ಸೂತ್ರದಂತೆ ಕೂಡಿಸಿ ಶೇಕಡಾ ಇಷ್ಟೆಂದು ತೆಗೆಯುತ್ತಾರೆ.

ಈ ಒಂಬತ್ತನ್ನೂ ಸ್ವಲ್ಪ ಗಮನಿಸಿರಿ. ಇವು ನಮ್ಮ ದಿನದ ದುಡಿಮೆಯೇ ಅಲ್ಲವೇ? ಬದು ಏರಿ ಇಳಿಯುವುದು ಇಳಿಜಾರಿನ ನಡಿಗೆ. ಕುರಪಿ ಹಿಡಿದು ಸದೆ ತೆಗೆಯುವುದು, ಎಮ್ಮೆ ಹಿಂಡುವುದು ಕುಕ್ಕರಿಸುವ ಕೆಲಸ. ನೆಲಕ್ಕೆ ಕೂತು ರೊಟ್ಟಿ ಬಡಿಯುವುದು, ಉಣ್ಣುವುದು ಚಕ್ಕಳಮಕ್ಕಳ. ಕುಂಟೆ ಹೊಡೆಯುವವನು ಸಾಲಿನ ಕೊನೆಯಲ್ಲಿ ಎತ್ತು ಹೊರಳಿಸುವಾಗ ತಾನೂ ಹೊರಳಬೇಕು. ಆದುದರಿಂದ ಪರೀಕ್ಷೆಗೆ ಹೋಗುವ ಮುನ್ನ ಮನೆಯಲ್ಲಿ ಕೂತು ಯೋಚಿಸಿರಿ: ಯಾವ ಕೆಲಸ ಪೂರಾ ನಿಂತಿದೆ, ಯಾವುದನ್ನು ಕೋಲು ಹಿಡಿದು ಮಾಡುತ್ತೇನೆ, ಯಾವುದನ್ನು ಮಾಡಿದರೆ ಮರುದಿನ ಏಳಲಾಗುವುದಿಲ್ಲ? ಓದುಬರಹ ಬಲ್ಲ ಮೊಮ್ಮಗನ ಕೈಯಲ್ಲಿ ಒಂದು ಹಾಳೆಯ ಮೇಲೆ ಬರೆಸಿರಿ. ವೈದ್ಯರ ಮುಂದೆ "ಭಾಳ ನೋವ್ರೀ" ಎಂದಷ್ಟೇ ಹೇಳಿದರೆ ಅವರಿಗೆ ಅಳೆಯಲು ಏನೂ ಸಿಗದು. ನೋವಿಗೆಂದೇ ಕೊಡುವ ಅಂಕ ತೀರ ಕಡಿಮೆ. "ಹೊಲಕ್ಕ ಹೋಗಾಕ ನಡುವ ಮೂರ ಸಲ ಕೂಡ್ತೀನ್ರಿ, ಪಾಯಖಾನಿಗೆ ಕೂಡಾಕ ಆಗೂದಿಲ್ರಿ, ಬಸ್ಸಿನ ಮೆಟ್ಟಲ ಹತ್ತಾಕ ಯಾರರ ಕೈ ಹಿಡಿಬೇಕ್ರಿ" ಎಂದರೆ ಕುಂದು ತಾನಾಗಿ ಕಾಣುತ್ತದೆ.

ನಮ್ಮ ಹಿರಿಯರಲ್ಲಿ ಒಂದು ಅಭಿಮಾನವಿದೆ. ದೊಡ್ಡವರ ಮುಂದೆ, ಡಾಕ್ಟರ ಮುಂದೆ, "ಆರಾಮ ಅದೀನ್ರಿ" ಎಂದು ಹಲ್ಲುಕಚ್ಚಿ ನಡೆದು ತೋರಿಸುತ್ತಾರೆ. ಮನೆಗೆ ಬಂದು ಎರಡು ದಿನ ಮಲಗುತ್ತಾರೆ. ಇನ್ನು ಕೆಲವರು ಇದ್ದುದಕ್ಕಿಂತ ಹೆಚ್ಚು ಕುಂಟುತ್ತಾರೆ. ಎರಡೂ ಬೇಡ. ಅಭಿಮಾನದಿಂದ ಮುಚ್ಚಿಟ್ಟರೆ ನಿಮ್ಮ ಹಕ್ಕು ಹೋಗುತ್ತದೆ. ನಾಟಕವಾಡಿದರೆ ನಿಮ್ಮ ಮಾತಿನ ಬೆಲೆ ಹೋಗುತ್ತದೆ. ಕೀಲು ಎಷ್ಟು ಮಡಚುತ್ತದೆಂಬುದು ಅಳತೆಗೆ ಸಿಗುವ ಸಂಗತಿ. ಎಕ್ಸ್-ರೇ ಸುಳ್ಳು ಹೇಳುವುದಿಲ್ಲ. ಸುಳ್ಳು ಪತ್ರದಿಂದ ಸೌಲಭ್ಯ ಪಡೆದವರಿಗೆ ಈ ಕಾನೂನಿನಲ್ಲಿ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. "ಇಷ್ಟು ಕೊಡ್ರಿ, ನಲವತ್ತ ಪರ್ಸೆಂಟ್ ಮಾಡಿಸಿ ಕೊಡ್ತೀನಿ" ಎನ್ನುವ ದಲ್ಲಾಳಿಯ ಮಾತಿಗೆ ಹಣ ಸುರಿಯಬೇಡಿ. ಆತ ಕೊಡುವುದು ಕಾಗದ, ಸಿಕ್ಕಿಬೀಳುವವರು ನೀವು.

ಈಗ ದಾರಿಯನ್ನು ಒಂದೊಂದು ಹೆಜ್ಜೆಯಾಗಿ ಹೇಳುತ್ತೇನೆ. ಇಳಕಲ್ಲಿನಿಂದಾಗಲಿ ಬಾದಾಮಿಯ ಆಚೆಯ ಹಳ್ಳಿಯಿಂದಾಗಲಿ ಬಾಗಲಕೋಟೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಜೊತೆಗೆ ಬರುವವರದೂ ಸೇರಿದರೆ ಎರಡು. ಕಾಲು ನೋಯುವವರಿಗಂತೂ ಒಂದೊಂದು ಅಲೆದಾಟವೂ ಶಿಕ್ಷೆ. ಆದುದರಿಂದ ಕಾಗದ ಜೋಡಿಸಿಕೊಂಡೇ ಹೊರಡಬೇಕು.

ಮೊದಲ ಹೆಜ್ಜೆ, ಚಿಕಿತ್ಸೆಯ ಕಾಗದ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿರಿ. ಎಕ್ಸ್-ರೇ, ವೈದ್ಯರ ಚೀಟಿ, ಔಷಧಿಯ ಬರಹ, ಹಿಂದೆ ಆಸ್ಪತ್ರೆಯಲ್ಲಿ ಇದ್ದಿದ್ದರೆ ಬಿಡುಗಡೆಯ ಪತ್ರ, ಇವನ್ನೆಲ್ಲ ತಾರೀಖಿನ ಪ್ರಕಾರ ಒಂದು ಚೀಲದಲ್ಲಿಡಿ. ಹೊಲದ ಉತಾರವನ್ನು ಹೇಗೆ ಜೋಪಾನ ಮಾಡುತ್ತೀರೋ ಹಾಗೆ. ಚಿಕಿತ್ಸೆಯನ್ನೇ ಮಾಡಿಸದೆ ಪ್ರಮಾಣಪತ್ರ ಕೇಳಿದರೆ, ಮೊದಲು ಚಿಕಿತ್ಸೆ ಪಡೆಯಿರಿ ಎಂದು ವೈದ್ಯರು ಹೇಳುವುದು ಸಹಜ. ಗುಣವಾಗುವ ಸಂಭವವಿದ್ದರೆ ಶಾಶ್ವತವೆಂದು ಬರೆಯದೆ, ಇಂಥ ತಾರೀಖಿನವರೆಗೆ ಎಂದು ತಾತ್ಕಾಲಿಕ ಪತ್ರ ಕೊಡುವುದುಂಟು.

ಎರಡನೆಯ ಹೆಜ್ಜೆ, ಅರ್ಜಿ. 2021ರ ಜೂನ್ 1ರಿಂದ ದೇಶದಲ್ಲೆಲ್ಲ ಅಂಗವಿಕಲತೆಯ ಪ್ರಮಾಣಪತ್ರವನ್ನು ಕಂಪ್ಯೂಟರಿನ ಮೂಲಕವೇ ಕೊಡಬೇಕೆಂದು ನಿಯಮವಾಗಿದೆ. ಅದರ ಜೊತೆಗೆ ಬರುವ ಗುರುತಿನ ಚೀಟಿಗೆ ಯುಡಿಐಡಿ ಕಾರ್ಡು ಎನ್ನುತ್ತಾರೆ. ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆಧಾರ್, ಭಾವಚಿತ್ರ, ವಾಸಸ್ಥಳದ ದಾಖಲೆ ಬೇಕು. ಮನೆಯಲ್ಲಿ ಬಲ್ಲವರಿಲ್ಲದಿದ್ದರೆ ಊರಿನ ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿರಿ. ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ: ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂದು ಇರುತ್ತಾರೆ. ಅವರೂ ಬಹುಪಾಲು ಅಂಗವಿಕಲರೇ ಆಗಿರುವುದರಿಂದ ನಿಮ್ಮ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯಿತಿ ಕಚೇರಿಯಲ್ಲಿ ಅವರ ಹೆಸರು ಕೇಳಿರಿ.

ಮೂರನೆಯ ಹೆಜ್ಜೆ, ತಪಾಸಣೆ. ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಗೊತ್ತುಪಡಿಸಿದ ಬೇರೆ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ಎಲುಬು-ಕೀಲಿನ ವೈದ್ಯರು ಇರುವ ದಿನವನ್ನು ಮೊದಲೇ ಕೇಳಿಕೊಂಡು ಹೋಗಿರಿ. ಅರ್ಜಿಯ ಪ್ರತಿ ಮತ್ತು ಕಾಗದದ ಚೀಲ ಜೊತೆಗಿರಲಿ. ಮೊಣಕಾಲು ಬಿಚ್ಚಿ ತೋರಿಸಲು ಅನುಕೂಲವಾದ ಬಟ್ಟೆ ತೊಟ್ಟಿರಿ. ಹೆಣ್ಣುಮಕ್ಕಳ ಜೊತೆಗೆ ಮನೆಯ ಹೆಣ್ಣುಮಗಳೊಬ್ಬಳು ಬರಲಿ. ಪತ್ರ ಕೊಡಲು 2017ರ ನಿಯಮದಲ್ಲಿ ಒಂದು ತಿಂಗಳ ಗಡುವಿತ್ತು; 2024ರ ತಿದ್ದುಪಡಿಯಲ್ಲಿ ಅದು ಮೂರು ತಿಂಗಳಾಯಿತು. ಕಾರ್ಡಿನ ಬಣ್ಣವೂ ನಿಮಗೆ ಅರ್ಥವಾಗಲಿ: ಶೇಕಡಾ 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ಈ ಪತ್ರ ದೇಶದಲ್ಲೆಲ್ಲ ನಡೆಯುತ್ತದೆ. ದುಡಿಯಲು ಗೋವೆಗೋ ಮಹಾರಾಷ್ಟ್ರಕ್ಕೋ ಹೋದವರಿಗೂ ಇದೇ ಸಾಕು.

ಇಲ್ಲವೆಂದರೆ? ಬರೀ ಬಾಯಿಮಾತಿನಲ್ಲಿ "ಆಗೂದಿಲ್ಲ" ಎಂದು ಕಳಿಸಿದರೆ ಸುಮ್ಮನೆ ಬಸ್ಸು ಹತ್ತಬೇಡಿ. ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ಕಾನೂನಿದೆ. ವಿನಯದಿಂದ ಕೇಳಿ ಪಡೆಯಿರಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಅಧಿಕಾರಿಗೆ ಮನವಿ ಕೊಡುವ ಹಕ್ಕನ್ನು ಕಾನೂನಿನ 59ನೆಯ ಕಲಮು ಕೊಡುತ್ತದೆ. ಅದು ಎಲ್ಲಿ, ಹೇಗೆ ಎಂಬುದನ್ನು ಬಾಗಲಕೋಟೆಯಲ್ಲಿರುವ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬಹುದು.

ನಾಲ್ಕನೆಯ ಹೆಜ್ಜೆಯನ್ನು ಅನೇಕರು ಮರೆಯುತ್ತಾರೆ. ಕಾರ್ಡು ಬಂದ ಮಾತ್ರಕ್ಕೆ ಹಣ ತಾನಾಗಿ ಬರುವುದಿಲ್ಲ. ಬೀಜ ತಂದು ಮನೆಯಲ್ಲಿಟ್ಟರೆ ಬೆಳೆ ಬಂದೀತೇ? ಬಿತ್ತಬೇಕು. ಮಾಸಾಶನಕ್ಕೆ ಹೋಬಳಿಯ ನಾಡಕಚೇರಿಯಲ್ಲಿ ಬೇರೆ ಅರ್ಜಿ ಕೊಡಬೇಕು. ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯದ ಪತ್ರ, ಆಧಾರ್ ಜೋಡಿಸಿದ ಬ್ಯಾಂಕು ಇಲ್ಲವೆ ಅಂಚೆ ಖಾತೆ ಬೇಕು. ಆದಾಯಕ್ಕೆ ಮಿತಿಯುಂಟು, ಎಲ್ಲರಿಗೂ ಸಿಗುವುದಿಲ್ಲ. 2022-23ರ ಹೊತ್ತಿಗೆ ಕರ್ನಾಟಕದಲ್ಲಿ ಈ ಮಾಸಾಶನ ಶೇಕಡಾ 40ರಿಂದ 75ರವರೆಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, ಅದಕ್ಕೆ ಮೇಲ್ಪಟ್ಟರೆ 1,400 ರೂಪಾಯಿ ಆಗಿತ್ತು. ಅರ್ಜಿ ಕೊಡುವ ದಿನದ ದರವನ್ನು ನಾಡಕಚೇರಿಯಲ್ಲೇ ಕೇಳಿರಿ. ಈಗಾಗಲೇ ವೃದ್ಧಾಪ್ಯದ ಇಲ್ಲವೆ ವಿಧವಾ ಮಾಸಾಶನ ಬರುತ್ತಿದ್ದರೆ ಅದರ ಮೇಲೆ ಇನ್ನೊಂದು ಸೇರಿಸಿ ಕೊಡುವುದಿಲ್ಲ. ಯಾವುದು ಹೆಚ್ಚೆಂದು ನೋಡಿಕೊಳ್ಳಬೇಕು. ಅರ್ಜಿ ಕೊಟ್ಟ ದಿನವೇ ಸಕಾಲದ ಸ್ವೀಕೃತಿ ಚೀಟಿ ಪಡೆಯಿರಿ. ಆ ಚೀಟಿಯ ಸಂಖ್ಯೆಯೇ ನಿಮ್ಮ ಕೈಯ ಕೋಲು.

ಮಾಸಾಶನ ದೊರೆಯದವರಿಗೂ ಕಾರ್ಡಿನ ಪ್ರಯೋಜನವಿದೆ. ಶೇಕಡಾ 40 ವೈಕಲ್ಯವುಳ್ಳವರಿಗೆ ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ಉಂಟು. ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದರಿಂದ ಇದರ ಅಗತ್ಯ ಗಂಡಸರಿಗೇ ಹೆಚ್ಚು. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ವರಮಾನದಲ್ಲಿ ಶೇಕಡಾ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಎದ್ದು ಕೇಳುವವರಿದ್ದರೆ ಆ ಹಣ ಗಾಲಿಕುರ್ಚಿಯೋ ಕೈಹಿಡಿಕೆಯ ಪಾಯಖಾನೆಯೋ ಆದೀತು. ಕೃಷಿಭೂಮಿ ಮತ್ತು ಮನೆ ಹಂಚುವ ಸರ್ಕಾರಿ ಯೋಜನೆಗಳಲ್ಲಿ ಇಂಥವರಿಗೆ ನೂರಕ್ಕೆ 5 ಪಾಲು, ಅದರಲ್ಲೂ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ ಎಂದು ಕಾನೂನಿನ 37ನೆಯ ಕಲಮು ಹೇಳುತ್ತದೆ. ಒಂದು ಎಚ್ಚರಿಕೆ: ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಸುರಕ್ಷಾ ಬಿಮಾ ಅಪಘಾತದ ವಿಮೆ. ವರ್ಷಗಳ ದುಡಿಮೆಯಿಂದಾದ ಸವೆತಕ್ಕೆ ಅದರಲ್ಲಿ ಪರಿಹಾರವಿಲ್ಲ.

ಈಗ ಆ ತಾಯಿಯ ಪ್ರಶ್ನೆ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಪಗಾರ ನಿಲ್ಲುತ್ತದೆಯೇ?

ಕೀಲು ಬದಲಿಸುವುದೆಂದರೆ ಇಡೀ ಮೊಣಕಾಲನ್ನು ಕತ್ತರಿಸಿ ತೆಗೆಯುತ್ತಾರೆಂದು ಅನೇಕರು ಹೆದರುತ್ತಾರೆ. ಹಾಗಲ್ಲ. ಸವೆದ ಎಲುಬಿನ ತುದಿಗಳನ್ನು ತೆಳುವಾಗಿ ಕೆತ್ತಿ, ಅವುಗಳ ಮೇಲೆ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ಸವೆದ ಅಚ್ಚಿಗೆ ಬಡಿಗೇರರು ಹೊಸ ಪಟ್ಟಿ ಬಡಿದಂತೆ. ಚೆನ್ನಾಗಿ ನೋಡಿಕೊಂಡರೆ ಬಹುಪಾಲು ಜನರಿಗೆ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ನೋವು ಬಹಳ ಮಟ್ಟಿಗೆ ಹೋಗುತ್ತದೆ, ನಡಿಗೆ ಬರುತ್ತದೆ. ಆದರೆ ಕುಕ್ಕರಿಸುವುದು, ಚಕ್ಕಳಮಕ್ಕಳ ಕೂರುವುದು, ಭಾರ ಹೊರುವುದು ಬೇಡವೆಂದು ಸಾಮಾನ್ಯವಾಗಿ ವೈದ್ಯರು ಹೇಳುತ್ತಾರೆ.

ಹೀಗಿರಲಾಗಿ ಆಪರೇಷನ್ ಆಗಿದೆ ಎಂಬ ಕಾರಣಕ್ಕೇ ಯಾರಿಗೂ ಇಷ್ಟು ಶೇಕಡಾ ಎಂದು ಬರೆಯುವುದಿಲ್ಲ. ಗಾಯ ಮಾಗಿ, ವ್ಯಾಯಾಮ ಮುಗಿದು, ಕಾಲು ಒಂದು ಸ್ಥಿತಿಗೆ ಬಂದ ಮೇಲೆ ಉಳಿದ ಕುಂದು ಎಷ್ಟೆಂದು ಅಳೆಯಬೇಕು. ಕೆಲವರಿಗೆ 40 ಮೀರಿಯೇ ಇರಬಹುದು. ಅದರಲ್ಲೂ ಎರಡೂ ಕಾಲು, ಬೆನ್ನು, ಸೊಂಟ ಬಿಗಿದವರಿಗೆ. ಕೆಲವರಿಗೆ 40ಕ್ಕಿಂತ ಇಳಿಯಬಹುದು. ತಾತ್ಕಾಲಿಕ ಪತ್ರವಿದ್ದವರನ್ನು ಮತ್ತೆ ಪರೀಕ್ಷಿಸಿದಾಗ ಪಗಾರ ನಿಲ್ಲುವ ಸಂಭವ ಇದ್ದೇ ಇದೆ. ಇದನ್ನು ನಾನು ಮುಚ್ಚಿಡುವುದಿಲ್ಲ.

ಆದರೂ ತಾಯೀ, ಲೆಕ್ಕ ಹಾಕಿರಿ. ತಿಂಗಳಿಗೆ 800 ರೂಪಾಯಿ ದಿನಕ್ಕೆ ಸುಮಾರು 27 ರೂಪಾಯಿ. ಅದಕ್ಕಾಗಿ ನಡೆಯಬಹುದಾದ ಕಾಲನ್ನು ಕಟ್ಟಿಹಾಕಿ, ರಾತ್ರಿ ನಿದ್ದೆ ಬಿಟ್ಟು, ಮಗಳ ಮನೆಗೂ ಬನಶಂಕರಿ ಜಾತ್ರೆಗೂ ಹೋಗಲಾಗದೆ ಒಂದು ಮೂಲೆಯಲ್ಲಿ ಕೂರುವುದು ಯಾವ ನ್ಯಾಯ? ಕಾಲು ಹಸನಾಗಿ ಪಗಾರ ನಿಂತರೆ ಅದು ನಷ್ಟವಲ್ಲ. ಪಗಾರಕ್ಕಾಗಿ ಕಾಲು ಕೆಡಿಸಿಕೊಂಡರೆ ಅದೇ ನಷ್ಟ. ಹಾಗೆಂದು ಮೊಣಕಾಲು ನೋಯುವವರೆಲ್ಲ ಆಪರೇಷನ್ನಿಗೆ ಓಡಬೇಕಾಗಿಲ್ಲ. ಮೈಭಾರ ಇಳಿಸಿ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿ, ಬೇನೆಯ ಎದುರು ಬದಿಯ ಕೈಯಲ್ಲಿ ಕೋಲು ಹಿಡಿದು ನಡೆದು ಎಷ್ಟೋ ಜನ ವರ್ಷಗಟ್ಟಲೆ ದೂಡುತ್ತಾರೆ. ನೋವಿನ ಗುಳಿಗೆಯನ್ನು ಸ್ವಂತ ಬುದ್ಧಿಯಿಂದ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಅಪಾಯ. ಇವೆಲ್ಲ ಮುಗಿದ ಮೇಲೂ ಆಗದಿದ್ದಾಗ ಶಸ್ತ್ರಚಿಕಿತ್ಸೆ.

ಅದರ ಖರ್ಚಿಗಾಗಿ ಎತ್ತು ಮಾರುವ, ಹೊಲ ಒತ್ತೆಯಿಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ಆಯುಷ್ಮಾನ್ ಭಾರತದ ಚಿಕಿತ್ಸೆಗಳ ಪಟ್ಟಿಯಲ್ಲಿ ಮೊಣಕಾಲ ಕೀಲಿನ ಬದಲಾವಣೆಯೂ ಸೇರಿದೆ. ಆದರೆ ದಾರಿ ಸರ್ಕಾರಿ ಆಸ್ಪತ್ರೆಯಿಂದಲೇ ಆರಂಭವಾಗಬೇಕು. ಅಲ್ಲಿ ಆಗದೆಂದು ವೈದ್ಯರು ಬರೆದುಕೊಟ್ಟ ಮೇಲೆ ಬೇರೆ ಕಡೆ. ಮೊದಲೇ ಖಾಸಗಿಯಲ್ಲಿ ಹಣ ಕಟ್ಟಿ ಮಾಡಿಸಿಕೊಂಡು ಆಮೇಲೆ ಬಿಲ್ಲು ಹಿಡಿದು ಬಂದರೆ ಕೆಲಸವಾಗುವುದಿಲ್ಲ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಅವರನ್ನು ಕೇಳಿರಿ. ಸ್ವಂತ ಖರ್ಚಿನಿಂದ ಮಾಡಿಸುವವರು ಇದನ್ನು ತಿಳಿದಿರಲಿ: 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷಕ್ಕೂ ಹೆಚ್ಚಿಗೆ ಮಾರುತ್ತಿದ್ದ, ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಬಗೆಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ಗೊತ್ತುಮಾಡಿದರು. ಇದು ಕೀಲಿನ ಬೆಲೆ ಮಾತ್ರ. ಆಸ್ಪತ್ರೆಯ ವೆಚ್ಚ ಬೇರೆ. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ಬರೆದು ತೋರಿಸಬೇಕೆಂದು ಆ ಆದೇಶದಲ್ಲಿಯೇ ಇದೆ.

ಕೊನೆಗೆ ನನ್ನ ಇಲಾಖೆಯ ಮಾತು. ಮೊಣಕಾಲು ಬಿದ್ದವರು ಕಮತ ಬಿಡಬೇಕಾಗಿಲ್ಲ, ಕೆಲಸದ ರೀತಿ ಬದಲಿಸಬೇಕು. ಕುರಪಿಯ ಬದಲು ನಿಂತು ತಳ್ಳುವ ಸೈಕಲ್ ಎಡೆಕುಂಟೆ ಬಳಸಿರಿ. ಶೇಂಗಾ, ಉಳ್ಳಾಗಡ್ಡಿಯ ಸಾಲುಗಳ ಅಂತರವನ್ನು ಅದಕ್ಕೆ ಹೊಂದುವಂತೆ ಬಿತ್ತನೆಯಲ್ಲೇ ಇಟ್ಟುಕೊಳ್ಳಿರಿ. ಸಸಿಮಡಿಯನ್ನು ನೆಲದ ಮೇಲೆ ಮಾಡದೆ ತಟ್ಟೆಗಳಲ್ಲಿ ಬೆಳೆಸಿ ಕಟ್ಟೆಯ ಮೇಲಿಡಿರಿ. ಎರೆಗೊಬ್ಬರದ ತೊಟ್ಟಿ ಸೊಂಟದೆತ್ತರಕ್ಕಿರಲಿ. ಬೀಜ ಆರಿಸುವುದು, ಉಳ್ಳಾಗಡ್ಡಿ ವಿಂಗಡಿಸುವುದು ಎತ್ತರದ ಮಣೆಯ ಮೇಲೆ ಕೂತು ಆಗಲಿ. ಎಮ್ಮೆ ಹಿಂಡಲು ಒಂದು ಸ್ಟೂಲು, ಒಲೆಗೊಂದು ಕಟ್ಟೆ, ಪಾಯಖಾನೆಗೆ ಕುರ್ಚಿಯ ಬೈಠಕ್ಕು, ಇವಕ್ಕೆ ದೊಡ್ಡ ಖರ್ಚಿಲ್ಲ. ಸಲಕರಣೆಗಳ ಬಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಬೇನೆ ಬಂದವರಷ್ಟೇ ಅಲ್ಲ, ಇನ್ನೂ ಬಾರದವರೂ ಇವನ್ನು ಮಾಡಿಕೊಂಡರೆ ಹತ್ತು ವರ್ಷದ ಮೇಲೆ ಈ ಭಾಷಣ ಬೇಕಾಗಲಾರದು.

ಹಿಂಗಾರಿ ಜೋಳದ ಕೊಯ್ಲು ಮುಗಿದು ಕಣ ಮಾಡಿದ ಮೇಲೆ ನಿಮಗೆ ಒಂದಿಷ್ಟು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಮನೆಯ ಹಿರಿಯರನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿರಿ. ಕಷ್ಟಪಡುತ್ತಿದ್ದರೆ, "ವಯಸ್ಸಾತು ಬಿಡ" ಎನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ, ಕಾಗದ ಜೋಡಿಸಿರಿ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ನಮ್ಮನ್ನೆಲ್ಲ ಹೊತ್ತು ತಿರುಗಿದ ಕಾಲುಗಳವು. ಅವುಗಳಿಗಾಗಿ ಎರಡು ದಿನ ನಾವು ಓಡಾಡಿದರೆ ತಪ್ಪಿಲ್ಲ.